ಅಟ್ಟದ ಕಿಟಕಿಯ ಟವೆಲು

ಅಡುಗೆಮನೆಯ ನಲ್ಲಿಯಲ್ಲಿ ನೀರು ಬರುವುದಿಲ್ಲವೆಂದು ಗೊತ್ತಿದ್ದೂ ಕೊರ್ನೆಲ್ ಎದ್ದವನೇ ಅದನ್ನು ತಿರುಗಿಸಿದ. ನಲ್ಲಿ ಒಮ್ಮೆ ಗೊರಗೊರ ಎಂದು ಸುಮ್ಮನಾಯಿತು. ಲೋಟದ ತಳದಲ್ಲಿ ಉಳಿದಿದ್ದ ನಿನ್ನೆಯ ಬಾರ್ಲಿ ಕಾಫಿಯಲ್ಲಿ ಬ್ರಷ್ಷು ಅದ್ದಿ, ಸೋಪು ಉಜ್ಜಿ, ಕನ್ನಡಿಯ ಮುಂದೆ ನಿಂತ. ಊರು ಎರಡು ಹೋಳಾಗಿದೆ. ಬೀದಿಯ ಆ ತುದಿಗೆ ಉಕ್ರೇನಿನವರು, ಈ ತುದಿಗೆ ಪೋಲಿಷರು. ಆಸ್ಟ್ರಿಯಾದ ಚಕ್ರವರ್ತಿಯ ಸರ್ಕಾರ ಯಾರಿಗೂ ಹೇಳದೆ ಕೇಳದೆ ಎದ್ದು ಹೋಗಿದೆ. ಇಂಥದರಲ್ಲಿ ಕಾಫಿ ಹಚ್ಚಿಕೊಂಡು ಗಡ್ಡ ಹೆರೆಯುವವನು ತಾನೊಬ್ಬನೇ ಇರಬೇಕು ಎಂದು ಅವನಿಗೆ ತನ್ನ ಮೇಲೇ ಹೇಸಿಗೆಯಾಯಿತು. ಆದರೆ ಗಡ್ಡ ಬಿಟ್ಟುಕೊಂಡು ಮೆಟ್ಟಿಲಿಳಿದರೆ ಮನೆಯ ಒಡತಿ ಬ್ರೋನಿಸ್ಲಾವಾ ನೋಡುತ್ತಾಳೆ. ನೋಡಿ ಏನೂ ಅನ್ನುವುದಿಲ್ಲ, ಅದೇ ಕಷ್ಟ. ಆಕೆಯ ಆ ನೋಟಕ್ಕೆ ತಕ್ಕವನಾಗಿ ಇರಬೇಕೆಂದೇ ಅವನು ಈ ಮನೆಯ ಎರಡನೆಯ ಮಹಡಿಯಲ್ಲಿ ಇಷ್ಟು ವರ್ಷ ಬೂಟಿಗೆ ಪಾಲಿಶ್ ಹಾಕಿದ್ದು, ತಗ್ಗಿದ ದನಿಯಲ್ಲಿ ಮಾತಾಡಿದ್ದು, ಭಾನುವಾರ ಎಲ್ಲರಿಗಿಂತ ಮೊದಲು ಚರ್ಚಿಗೆ ಹೊರಟದ್ದು. ಕತ್ತಿ ಬಲಗೆನ್ನೆಯನ್ನು ಮುಗಿಸುವ ಹೊತ್ತಿಗೆ ಅವನ ಕಣ್ಣು ಕನ್ನಡಿಯಿಂದ ಜಾರಿ ಕಿಟಕಿಯ ಹಲಗೆಯ ಮೇಲಕ್ಕೆ ಹೋಯಿತು. ಅಲ್ಲೊಂದು ಖಾಲಿ ಗಾಜಿನ ಲೋಟ. ಅದನ್ನು ತೆಗೆದಿಡಬೇಕು ಎಂದುಕೊಂಡ. ತೆಗೆಯಲಿಲ್ಲ.

ಅಮ್ಮ ಸತ್ತದ್ದು ಹೋದ ವಾರ. ಗುಂಡು ತಗುಲಿ ಅಲ್ಲ, ಎದೆಯಲ್ಲಿ ಕಫ ಕಟ್ಟಿ. ದೊಡ್ಡ ಸ್ಮಶಾನ ಆ ಬದಿಯವರ ಕೈಯಲ್ಲಿದ್ದುದರಿಂದ ಮನೆಯ ಹಿಂದಿನ ಅಂಗಳದಲ್ಲಿ, ಅಕ್ರೋಟು ಮರದ ಬುಡದಲ್ಲಿ ಮಣ್ಣು ಮಾಡಿದರು. ಗುಂಡಿ ತೋಡಿದವನು ಮನೆಯ ಕಾವಲುಗಾರ ಪ್ರೊಕಿಪ್. ಪ್ರಾರ್ಥನೆ ಓದಿದವನು ಅಪ್ಪನ ಕಡೆಯ ಪಾದ್ರಿ. "ನಮ್ಮವರೇ ತಾನೆ?" ಎಂದು ಪಾದ್ರಿ ಕೇಳಿದಾಗ ಕೊರ್ನೆಲ್ ತಲೆಯಾಡಿಸಿದ್ದ. ಲ್ಯಾಟಿನ್ ಮಂತ್ರ ಮುಗಿದಮೇಲೆ ಪ್ರೊಕಿಪ್ ಸನಿಕೆಗೆ ಗದ್ದವೂರಿ, ತುಟಿ ಅಲ್ಲಾಡಿಸದೆ, ಅಮ್ಮನ ಕಡೆಯವರು ಸತ್ತವರಿಗೆ ಹಾಡುವ ಹಾಡನ್ನು ಮೂಗಿನಲ್ಲಿ ಗುನುಗಿದ್ದು ಅವನಿಗೆ ಕೇಳಿಸಿತ್ತು. ಕೇಳಿಸದವನ ಹಾಗೆ ಟೋಪಿ ಹಾಕಿಕೊಂಡಿದ್ದ. ಈ ಊರಲ್ಲಿ ಮೊದಲಿಂದ ಹಾಗೆ. ಅಪ್ಪ ಪೋಲಿಷನಾಗಿ ಅಮ್ಮ ಉಕ್ರೇನಿನವಳಾದರೆ ಗಂಡುಮಕ್ಕಳು ಅಪ್ಪನ ಚರ್ಚಿಗೆ, ಹೆಣ್ಣುಮಕ್ಕಳು ಅಮ್ಮನ ಚರ್ಚಿಗೆ. ಹೊಟ್ಟೆ ಒಂದೇ, ತೊಟ್ಟಿಲು ಒಂದೇ. ಆದರೂ ಕೊರ್ನೆಲ್ ಪೋಲಿಷನಾದ, ತಂಗಿ ಮೆಲಾನಿಯಾ ಉಕ್ರೇನಿನವಳಾದಳು. ಅಪ್ಪ ಈ ಊರನ್ನು ಲ್ವೂಫ್ ಎನ್ನುತ್ತಿದ್ದ, ಅಮ್ಮ ಲ್ವಿವ್ ಎನ್ನುತ್ತಿದ್ದಳು. ಮನೆಯಲ್ಲಿ ಅದಕ್ಕೆ ಯಾರೂ ಜಗಳವಾಡಿದವರಲ್ಲ. ಅವನ ಕ್ರಿಸ್ಮಸ್ ಡಿಸೆಂಬರಿನಲ್ಲಿ, ತಂಗಿಯದು ಜನವರಿಯಲ್ಲಿ; ಚಿಕ್ಕಂದಿನಲ್ಲಿ ಅದು ಎರಡು ಸಲ ಗಸಗಸೆ ಪಾಯಸ ತಿನ್ನುವ ಸುಖ, ಅಷ್ಟೆ. ಶಾಲೆಯಲ್ಲಿ ಲ್ಯಾಟಿನ್ ಮೇಷ್ಟ್ರ ಕೆಲಸ ಸಿಕ್ಕಮೇಲೆ ಅಮ್ಮನ ಪಾಲನ್ನು ಅವನು ಹರಿದ ಬನಿಯನ್ನಿನಂತೆ ಅಂಗಿಯೊಳಗೇ ಇಟ್ಟುಕೊಂಡು ಓಡಾಡಿದ. ಒಮ್ಮೆ ಸಹೋದ್ಯೋಗಿಯೊಬ್ಬ ಚಹಾಕ್ಕೆ ಬಂದವನು ತಟ್ಟೆ ತಂದಿಟ್ಟ ಅಮ್ಮನನ್ನು ಕೆಲಸದವಳೆಂದು ತಿಳಿದು "ಸಕ್ಕರೆ ಇನ್ನೊಂಚೂರು ತಗೊಂಬಾ" ಎಂದಿದ್ದ. ಕೊರ್ನೆಲ್ ಬಾಯಿ ತೆರೆಯುವಷ್ಟರಲ್ಲಿ ಅಮ್ಮ ಸಕ್ಕರೆ ತರಲು ಹೋಗಿಯಾಗಿತ್ತು. ಅಂದಿನಿಂದ ಅವಳು ಯಾರಾದರೂ ಬಂದರೆ ತಾನಾಗಿಯೇ ಅಡುಗೆಮನೆಗೆ ಸರಿಯುತ್ತಿದ್ದಳು, ಕರೆಯುವ ಕಷ್ಟವನ್ನೂ ಅವನಿಗೆ ಕೊಡದೆ.

ಕೊನೆಗೆ ಅವಳು ಕೇಳಿದ್ದು ಒಂದೇ. "ಮಗಾ, ಟವೆಲು ಹಾಕ್ತೀಯಲ್ಲ?" ಅವಳ ಕಡೆಯಲ್ಲಿ ಸಾವಾದ ಮನೆಯವರು ಕಿಟಕಿಯ ಹೊರಗೆ ಕೆಂಪು ಕಸೂತಿಯ ಟವೆಲೊಂದನ್ನು ಇಳಿಬಿಟ್ಟು, ಒಳಗೆ ಹಲಗೆಯ ಮೇಲೆ ಒಂದು ಲೋಟ ನೀರಿಡುತ್ತಾರೆ. ಹೋದ ಜೀವ ನಲವತ್ತು ದಿನ ಮನೆಯ ಸುತ್ತಲೇ ಇರುತ್ತದಂತೆ, ಬಂದು ಮುಖ ತೊಳೆದು ಒರೆಸಿಕೊಳ್ಳುತ್ತದಂತೆ. ಇದು ಮಗಳು ಮಾಡಬೇಕಾದ ಕೆಲಸ. ಮಗಳು ಊರಿನ ಆ ಬದಿಯಲ್ಲಿ ಸಿಕ್ಕಿಕೊಂಡಿದ್ದಾಳೆ, ಅವಳಿಗೆ ಸುದ್ದಿ ಮುಟ್ಟಿಸುವ ದಾರಿಯೂ ಇಲ್ಲ. ಹಾಕುತ್ತೇನೆ ಎಂದು ಕೊರ್ನೆಲ್ ಮಾತು ಕೊಟ್ಟ. ಆದರೆ ಅವನ ಅಡುಗೆಮನೆಯ ಕಿಟಕಿ ಇದ್ದದ್ದು ಎಲ್ಲರೂ ಓಡಾಡುವ ಅಂಗಳಕ್ಕೆ, ಕೋಣೆಯದು ಬೀದಿಗೆ. ಎದುರು ಮನೆಯ ಮೂರು ಮಹಡಿಯ ಕಣ್ಣುಗಳು ಅದರ ಮೇಲೆ, ಕೆಳಗೆ ಪೋಲಿಷ್ ಹುಡುಗರ ಪಹರೆ, ಎಲ್ಲಕ್ಕಿಂತ ಮೇಲೆ ಬ್ರೋನಿಸ್ಲಾವಾ. ಲ್ಯಾಟಿನ್ ಮೇಷ್ಟ್ರ ಕಿಟಕಿಯಲ್ಲಿ ರುಸಿನರ ಟವೆಲು! ಆ ಊರಲ್ಲಿ ಪೋಲಿಷರು ಉಕ್ರೇನಿನವರನ್ನು ಕರೆಯುತ್ತಿದ್ದುದು ಹಾಗೆ. ಬಟ್ಟೆ ಒಣಹಾಕಬೇಕು ಎಂದು ಪ್ರೊಕಿಪ್‌ನಿಂದ ಅಟ್ಟದ ಬೀಗದ ಕೈ ಇಸಕೊಂಡು, ಯಾರೂ ಹತ್ತದ ಆ ಅಟ್ಟದ ಸಣ್ಣ ಕಿಟಕಿಯಿಂದ ಟವೆಲನ್ನು ಹೊರಗೆ ಬಿಟ್ಟ. ಜೀವ ಬರುವುದು ಮೇಲಿನಿಂದ ತಾನೆ, ಅದಕ್ಕೆ ಇದೇ ಹತ್ತಿರ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ. ಆ ಕಿಟಕಿ ಕೋಟೆಗುಡ್ಡದ ಕಡೆ ತೆರೆದಿದೆ, ಗುಡ್ಡದ ಮೇಲೆ ಉಕ್ರೇನಿನವರ ಬಂದೂಕುಗಳಿವೆ ಎಂಬುದು ಅವನ ತಲೆಗೆ ಹೊಳೆಯಲಿಲ್ಲ. ಅವನು ಹೆದರಿದ್ದು ಒಡತಿಗೆ ಮಾತ್ರ. ನೀರಿನ ಲೋಟವನ್ನು ಮಾತ್ರ ತನ್ನ ಅಡುಗೆಮನೆಯಲ್ಲೇ ಇಟ್ಟುಕೊಂಡ, ಅದನ್ನು ನೋಡಿ ಯಾರೂ ಏನೂ ತಿಳಿಯುವಂತಿರಲಿಲ್ಲ. ಆಮೇಲೆ ನಲ್ಲಿ ನಿಂತಿತು. ಒಂದು ಮಧ್ಯಾಹ್ನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡು, ಬೀದಿಯಲ್ಲಿ ಗುಂಡು ಸುರಿಯುತ್ತಿದ್ದಾಗ, ಅವನು ಆ ಲೋಟವನ್ನೆತ್ತಿ ಒಂದೇ ಗುಟುಕಿಗೆ ಕುಡಿದುಬಿಟ್ಟ. ಕುಡಿದಾದಮೇಲೆ ಲೋಟವನ್ನು ಇದ್ದಲ್ಲೇ ಇಟ್ಟ, ಯಾರಿಗೋ ಗೊತ್ತಾಗಬಾರದು ಎನ್ನುವವನ ಹಾಗೆ.

ಎಡಗೆನ್ನೆಗೆ ಕತ್ತಿ ತಾಗಿಸುವಷ್ಟರಲ್ಲಿ ಅಂಗಳದಲ್ಲಿ ಗಲಾಟೆ. ಇಣುಕಿ ನೋಡಿದ. ತೋಳಿಗೆ ಪೋಲಿಷರ ಬಿಳಿ ಕೆಂಪು ಪಟ್ಟಿ ಕಟ್ಟಿದ ಮೂವರು ಬಂದೂಕಿನವರು, ನಡುವೆ ಬರಿತಲೆಯ ಪ್ರೊಕಿಪ್, ಒಬ್ಬನ ಕೈಯಲ್ಲಿ ಅಮ್ಮನ ಟವೆಲು. ಇಳಿದು ಹೋಗದೆ ಬಾಗಿಲು ಹಾಕಿಕೊಂಡು ಕೂತುಬಿಡಬಹುದಿತ್ತು, ಆದರೆ ಇಳಿಯದಿದ್ದರೆ ಯಾಕೆ ಇಳಿಯಲಿಲ್ಲ ಎಂದು ಕೇಳುವವರಿದ್ದರು. ಮುಖದ ಸೋಪನ್ನು ಅವಸರದಲ್ಲಿ ಅರೆಬರೆ ಒರೆಸಿಕೊಂಡು ಕೋಟು ಏರಿಸಿ ಇಳಿದ. ಮನೆಯ ಬಾಡಿಗೆದಾರರೆಲ್ಲ ಅಂಗಳದಲ್ಲಿ ಗೋಡೆಗೆ ಅಂಟಿಕೊಂಡು ನಿಂತಿದ್ದರು. ಅಕ್ರೋಟು ಮರದ ಬುಡದ ಹೊಸ ಮಣ್ಣಿನ ಪಕ್ಕದಲ್ಲೇ ಬ್ರೋನಿಸ್ಲಾವಾ ಕರಿಯ ಶಾಲು ಹೊದ್ದು ನಿಂತಿದ್ದಳು. ಗುಂಪಿನ ನಾಯಕನ ಗುರುತು ಅವನಿಗೆ ಹತ್ತಿತು. ವಿತೋಲ್ದ್. ನಾಲ್ಕು ವರ್ಷದ ಹಿಂದೆ ತನ್ನ ತರಗತಿಯ ಮೂರನೆಯ ಬೆಂಚಿನಲ್ಲಿದ್ದವನು, ಆಮೇಲೆ ಇಟಲಿಯ ಯುದ್ಧಕ್ಕೆ ಹೋಗಿ ಬಂದು ಈಗ ಮೀಸೆ ಬಿಟ್ಟು ದೊಡ್ಡವನಾಗಿದ್ದಾನೆ.

"ಅಟ್ಟದ ಬೀಗದ ಕೈ ಯಾರ ಹತ್ರ ಇರತ್ತೆ?" ವಿತೋಲ್ದ್ ಪ್ರೊಕಿಪ್‌ನನ್ನು ಕೇಳುತ್ತಿದ್ದ.

"ನನ್ನ ಹತ್ರಾನೇ ಸ್ವಾಮಿ."

"ಗುಡ್ಡದೋರಿಗೆ ಸನ್ನೆ ಮಾಡೋಕೆ ಇದು ಹಾಕಿದ್ಯಾ? ಮೊನ್ನೆ ನಮ್ಮ ಇಬ್ಬರು ಈ ಬೀದೀಲೇ ಸತ್ರು ಗೊತ್ತಾ? ಸನ್ನೆ ಮಾಡಿದೋರಿಗೆ ಏನು ಶಿಕ್ಷೆ ಅಂತ ಗೋಡೆಗೆ ಅಂಟಿಸಿದೀವಿ, ಓದಿದ್ಯೋ ಇಲ್ವೋ?"

"ನಂಗೆ ಓದಕ್ಕೆ ಬರಲ್ಲ. ಸನ್ನೆ ಗಿನ್ನೆ ಏನೂ ಅಲ್ಲ ಅದು. ಸತ್ತೋರಿಗೆ ಹಾಕೋದು."

"ಯಾರು ಸತ್ತಿದಾರೆ ಈ ಮನೇಲಿ?" ಎಂದು ಸುತ್ತ ನೋಡಿದ ವಿತೋಲ್ದ್‌ನ ಕಣ್ಣು ಕೊರ್ನೆಲ್ ಮೇಲೆ ನಿಂತಿತು. ಬಂದೂಕನ್ನು ಹೆಗಲಿಗೆ ಏರಿಸಿ, ಟವೆಲನ್ನು ಎರಡೂ ಕೈಯಲ್ಲಿ ಹಿಡಿದು, ತಪ್ಪು ತಿದ್ದಿಸಿಕೊಳ್ಳಲು ಪಟ್ಟಿ ತಂದ ಹುಡುಗನಂತೆ ಹತ್ತಿರ ಬಂದ. "ಸಾರ್, ಸಾವಾಗಿರೋದು ನಿಮ್ಮನೇಲಿ. ಇದು ನಿಮ್ದಾ?"

ಕಸೂತಿಯ ಕೆಂಪು ದಾರದ ಒಂದು ಎಳೆ ಸಡಿಲಾಗಿ ನೇತಾಡುತ್ತಿತ್ತು. ಅದನ್ನು ಅಮ್ಮ ಹಲ್ಲಿನಲ್ಲಿ ಕಚ್ಚಿ ಕತ್ತರಿಸುತ್ತಿದ್ದ ರೀತಿ ಅವನ ಕಣ್ಣಿಗೆ ಕಟ್ಟಿತು. ಅಂಗಳದ ಅಷ್ಟೂ ಜನ ತನ್ನ ತುಟಿಯನ್ನೇ ನೋಡುತ್ತಿದ್ದಾರೆ. ಹೌದು ಎಂಬ ಒಂದು ಮಾತು. ಹೌದು ಎಂದರೆ ಇವನು ಯಾಕೆ ಎನ್ನುತ್ತಾನೆ, ಯಾಕೆಂದರೆ ನನ್ನ ಅಮ್ಮ ಎನ್ನಬೇಕು, ಆಮೇಲೆ ಸನ್ನೆ ಮಾಡಿದವನು ನಾನೇ ಆಗುತ್ತೇನೆ. ಇಷ್ಟೆಲ್ಲ ಯೋಚಿಸಿದನೋ, ಅಥವಾ ಯೋಚಿಸುವ ಮೊದಲೇ ಬಾಯಿ ತನ್ನ ಹಳೆಯ ದಾರಿ ಹಿಡಿಯಿತೋ, ದಿನವೆಲ್ಲ ಕೆದಕಿ ನೋಡಿದರೂ ಅವನಿಗೆ ಆಮೇಲೆ ತಿಳಿಯಲಿಲ್ಲ.

"ನಮ್ಮಲ್ಲಿ ಇಂಥ ಪದ್ಧತಿ ಇಲ್ಲ," ಎಂದ.

ಪ್ರೊಕಿಪ್ ಅವನನ್ನು ಒಮ್ಮೆ ನೋಡಿದ, ಸಿಟ್ಟಿನಿಂದಲ್ಲ. ಆಮೇಲೆ ನೆಲ ನೋಡುತ್ತ, "ನಂದೇ ಸ್ವಾಮಿ ಅದು. ನನ್ನ ಹೆಂಡ್ತಿಗೆ ಅಂತ ಹಾಕಿದ್ದು," ಎಂದ.

ಬ್ರೋನಿಸ್ಲಾವಾ ಶಾಲನ್ನು ಎಳೆದುಕೊಂಡಳು. "ಅವಳು ಸತ್ತು ಎರಡು ವರ್ಷ ಆಯ್ತಲ್ಲೋ. ಎರಡು ವರ್ಷಕ್ಕೆ ಯಾರಾದ್ರೂ ಟವೆಲು ಹಾಕ್ತಾರಾ? ನಲವತ್ತು ದಿನ ಅಲ್ವಾ ನಿಮ್ಮೋರ ಲೆಕ್ಕ?" ಅಟ್ಟದ ಕಿಟಕಿಯನ್ನು ಪಹರೆಯವರಿಗೆ ತೋರಿಸಿದವಳೂ ಆಕೆಯೇ ಎಂದು ಪಕ್ಕದವರು ಪಿಸುಗುಟ್ಟಿದರು. ಪ್ರೊಕಿಪ್‌ನ ಕೈಗಳನ್ನು ಹಿಂದಕ್ಕೆ ಕಟ್ಟಿ, ಬೀದಿಗೆ ನಡೆಸಿಕೊಂಡು ಹೋದರು. ಸೊಂಟದ ಬೀಗದ ಕೈಗೊಂಚಲು ಹೆಜ್ಜೆಹೆಜ್ಜೆಗೂ ಸದ್ದು ಮಾಡುತ್ತಿತ್ತು. ಸಂಜೆಯೊಳಗೆ ವಿಚಾರಣೆ ಮುಗಿಸುತ್ತಾರೆ, ಮುಗಿಸಿದರೆ ಗೋಡೆಗೆ ನಿಲ್ಲಿಸುತ್ತಾರೆ ಎಂದು ಯಾರೋ ಅಂದರು.

ಮನೆಗೆ ಬಂದು ಕುರ್ಚಿಯಲ್ಲಿ ಕುಳಿತ. ಎದ್ದ. ಪುನಃ ಕುಳಿತ. ತಾನು ಸುಳ್ಳು ಹೇಳಲಿಲ್ಲ ಎಂದು ವಾದ ಹೂಡಿದ. ನಮ್ಮಲ್ಲಿ, ಅಂದರೆ ನನ್ನ ಚರ್ಚಿನಲ್ಲಿ, ನನ್ನ ಅಪ್ಪನ ಕಡೆಯಲ್ಲಿ, ಇಂಥ ಪದ್ಧತಿ ಇಲ್ಲವೇ ಇಲ್ಲ. ಪಾಠದಲ್ಲಿ ಹುಡುಗರು ಇಂಥ ನೆಪ ಹೇಳಿದರೆ ಕಿವಿ ಹಿಂಡುತ್ತಿದ್ದ. ಪ್ರೊಕಿಪ್ ಒಂಟಿಜೀವ, ಮಕ್ಕಳಿಲ್ಲ ಎಂಬುದು ನೆನಪಾಗಿ ಒಂದು ಕ್ಷಣ ಹಗುರವಾಯಿತು, ಹಗುರವಾದದ್ದಕ್ಕೆ ನಾಚಿಕೆಯಾಯಿತು. ಚಳಿಗಾಲದಲ್ಲಿ ಆ ಮನುಷ್ಯ ಕಲ್ಲಿದ್ದಲಿನ ಬುಟ್ಟಿ ಹೊತ್ತು ತಂದಾಗ ಅಮ್ಮ ಅವನನ್ನು ಅಡುಗೆಮನೆಯಲ್ಲಿ ಕೂರಿಸಿ ಬಿಸಿ ಸೂಪು ಕೊಡುತ್ತಿದ್ದಳು. ಬಾಗಿಲಾಚೆ ತನ್ನ ಕೋಣೆಯಲ್ಲಿ ಪರೀಕ್ಷೆಯ ಹಾಳೆ ತಿದ್ದುತ್ತಿದ್ದ ಕೊರ್ನೆಲ್‌ಗೆ ಅವರಿಬ್ಬರ ಮಾತು ಕೇಳಿಸುತ್ತಿತ್ತು, ಹಳ್ಳಿಯ ಮಾತು, ಹಂದಿ, ಗೋಧಿ, ಯಾರದೋ ಮದುವೆ. ಅಮ್ಮ ನಗುತ್ತಿದ್ದಳು. ತನ್ನೊಡನೆ ಮಾತಾಡುವಾಗ ಅವಳು ಹಾಗೆ ನಕ್ಕದ್ದೇ ಇಲ್ಲ, ಅಪ್ಪನ ಪೋಲಿಷ್ ಮಾತನ್ನು ತಡವರಿಸಿ ಆಡುತ್ತಿದ್ದಳು, ಒಡತಿಗೆ ಕೇಳಿಸೀತೆಂದು. ಎದ್ದು ಹೋಗಿ ಅವರ ನಡುವೆ ಕೂರಬೇಕೆಂದು ಎಷ್ಟು ಸಲ ಅನಿಸಿತ್ತು. ಅದರ ಬದಲು "ಸ್ವಲ್ಪ ಮೆಲ್ಲಗೆ" ಎಂದು ಗದರಿದ್ದೇ ಹೆಚ್ಚು.

ಮಧ್ಯಾಹ್ನಕ್ಕೆ ಚರ್ಚಿನ ಗಂಟೆ ಹೊಡೆಯಿತು. ಎರಡೂ ಕಡೆಯವರು ಕದನ ನಿಲ್ಲಿಸಿದ್ದರು, ಜನ ನೀರು ರೊಟ್ಟಿ ತಂದುಕೊಳ್ಳಲಿ ಎಂದು, ಕತ್ತಲಾಗುವ ತನಕ. ಕೊರ್ನೆಲ್ ಬಕೆಟ್ಟು ಹಿಡಿದು ಹೊರಟ. ನೀರಿಗೆ ಹೋಗುತ್ತಿದ್ದೇನೆ ಎಂದೇ ತನಗೆ ಹೇಳಿಕೊಂಡ. ಬೀದಿಯಲ್ಲಿ ಒಡೆದ ಗಾಜು, ಸತ್ತ ಕುದುರೆಯೊಂದರ ತೊಡೆಯಿಂದ ಮಾಂಸ ಕೊಯ್ಯುತ್ತಿದ್ದ ಇಬ್ಬರು ಹೆಂಗಸರು, ಗೋಡೆ ಗೋಡೆಗೂ ಅಂಟಿಸಿದ ಎಚ್ಚರಿಕೆಯ ಹಾಳೆ. ಕೈಪಂಪಿನ ಸಾಲಿನಲ್ಲಿ ನಿಂತಾಗ ಮುಂದಿದ್ದವಳೊಬ್ಬಳು ತಿರುಗಿ ಅವನ ಮುಖವನ್ನೇ ನೋಡಿದಳು. ಇವಳಿಗೂ ಸುದ್ದಿ ಮುಟ್ಟಿದೆ ಎಂದು ಅವನ ಕಿವಿ ಬಿಸಿಯಾಯಿತು. ಕೆನ್ನೆ ಮುಟ್ಟಿಕೊಂಡ. ಬಲಗೆನ್ನೆ ನುಣುಪು, ಎಡಗೆನ್ನೆಯಲ್ಲಿ ಮೂರು ದಿನದ ಗಡ್ಡ, ಒಣಗಿದ ಸೋಪು. ಅರ್ಧ ಮುಖ ಬೋಳಿಸಿಕೊಂಡೇ ಅಂಗಳಕ್ಕೆ ಇಳಿದಿದ್ದ, ಅರ್ಧ ಮುಖ ಬೋಳಿಸಿಕೊಂಡೇ ಆ ಮಾತು ಆಡಿದ್ದ. ಬ್ರೋನಿಸ್ಲಾವಾ ನೋಡಿರಬೇಕು. ಮನೆಗೆ ಓಡಿಹೋಗಬೇಕು ಎನಿಸಿತು. ಬಕೆಟ್ಟು ತುಂಬಿತು. ಕಾಲು ಮನೆಯ ಕಡೆ ತಿರುಗದೆ ಶಾಲೆಯ ಕಡೆ ತಿರುಗಿತು.

ಅವನ ಶಾಲೆಯೇ ಈಗ ಪೋಲಿಷರ ಠಾಣೆ. ಬಾಗಿಲಲ್ಲಿ ಮರಳಿನ ಚೀಲ, ಮೆಟ್ಟಿಲ ಮೇಲೆ ಒಣಹುಲ್ಲು, ಹೆಂಡದ ವಾಸನೆ. ಪಹರೆಯವನು "ಎಲ್ಲಿಗೆ?" ಎಂದು ತಡೆದವನು ಬಕೆಟ್ಟು ನೋಡಿ "ಓ, ನೀರಾ!" ಎಂದು ಬಿಟ್ಟುಕೊಟ್ಟ. ತರಗತಿಯ ಬೆಂಚುಗಳನ್ನು ಕಿಟಕಿಗೆ ಒಟ್ಟಿದ್ದರು. ಕರಿಹಲಗೆಯ ಮೇಲೆ ಅಕ್ಟೋಬರಿನ ಕೊನೆಯ ಪಾಠದ ಎರಡು ಸಾಲು ಅವನದೇ ಅಕ್ಷರದಲ್ಲಿ ಹಾಗೇ ಇತ್ತು. ಎಂಟು ಹತ್ತು ಜನ ಸ್ಟೋವಿನ ಸುತ್ತ ಕೂತಿದ್ದರು. ಅರ್ಧಕ್ಕರ್ಧ ಅವನ ಹಳೆಯ ಹುಡುಗರೇ. ಕೇಳದೆಯೇ ಬಕೆಟ್ಟಿಗೆ ಮಗ್ಗು ಅದ್ದಿ ಕುಡಿಯತೊಡಗಿದರು. ಮೂಲೆಯಲ್ಲಿ, ಭೂಪಟದ ಕೆಳಗೆ, ಪ್ರೊಕಿಪ್ ಕೂತಿದ್ದ. ಒಂದು ಕಣ್ಣು ಊದಿ ಮುಚ್ಚಿಹೋಗಿತ್ತು. ತೆರೆದಿದ್ದ ಕಣ್ಣು ಕೊರ್ನೆಲ್‌ನನ್ನು ನೋಡಿ ಬೇರೆ ಕಡೆ ತಿರುಗಿತು.

ಮೇಜಿನ ಹಿಂದೆ, ಕೊರ್ನೆಲ್ ಕೂರುತ್ತಿದ್ದ ಕುರ್ಚಿಯಲ್ಲಿ, ವಿತೋಲ್ದ್ ಕೂತಿದ್ದ. ಮೇಜಿನ ಮೇಲೆ ಟವೆಲು. ಕೊರ್ನೆಲ್ ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ವಾಕ್ಯಗಳೆಲ್ಲ ಚದುರಿಹೋದವು.

"ಟವೆಲು ನನ್ನದು," ಎಂದ.

"ಗೊತ್ತು ಸಾರ್."

"ಹಾಗಲ್ಲ. ನಾನೇ ಅಟ್ಟ ಹತ್ತಿ ಹಾಕಿದ್ದು. ನನ್ನ ಅಮ್ಮ..."

"ಗೊತ್ತು ಸಾರ್, ನಿಮ್ಮ ಅಮ್ಮನ್ನ ನಾವು ನೋಡಿದೀವಲ್ಲ." ವಿತೋಲ್ದ್‌ನ ದನಿ ಗಟ್ಟಿಯಾಗಿರಲಿಲ್ಲ. "ನಾಲ್ಕನೇ ತರಗತೀಲಿದ್ದಾಗ ನೀವು ಮರೆತು ಬಂದ ಕನ್ನಡಕ ಕೊಡೋಕೆ ಬಂದಿದ್ರು. ತಲೆಗೆ ವಸ್ತ್ರ ಕಟ್ಕೊಂಡು. ನೀವು ಬಾಗಿಲಲ್ಲೇ ಇಸ್ಕೊಂಡು ಬಂದು, ಹಾಲಿನವಳು ಅಂದ್ರಿ. ನಾವು ಊಟದ ಬಿಡುವಲ್ಲಿ ಕೆಳಗೆ ಹೋದ್ರೆ ಮೆಟ್ಟಿಲ ಹತ್ರ ಇನ್ನೂ ಕೂತಿದ್ರು. ನಮಗೆಲ್ಲ ಸೇಬು ಕೊಟ್ರು. ನನ್ನ ಮಗನಿಗೆ ನೆಗಡಿ ಆಗಿದೆ, ಇವತ್ತು ಜಾಸ್ತಿ ಕೂಗಿಸ್ಬೇಡ್ರಪ್ಪಾ ಅಂದ್ರು."

ಸ್ಟೋವಿನ ಕಡೆಯಿಂದ ಯಾರೋ "ಹಾಲಿನಮ್ಮನ ಮಗ" ಎಂದು ಪಿಸುಗುಟ್ಟಿದ. ಇನ್ನೊಬ್ಬ ಕಿಸಕ್ಕೆಂದು ನಕ್ಕ. ವಿತೋಲ್ದ್ ತಿರುಗಿ ನೋಡಿದಮೇಲೆ ಸುಮ್ಮನಾದರು. ಅದು ತನ್ನ ಅಡ್ಡಹೆಸರು ಎಂದು ಕೊರ್ನೆಲ್‌ಗೆ ಆಗ ತಿಳಿಯಿತು. ಇಷ್ಟು ವರ್ಷ ಬೆನ್ನ ಹಿಂದೆ ಹರಿದಾಡುತ್ತಿದ್ದದ್ದು, ಕಾರಿಡಾರಿನಲ್ಲಿ ತಾನು ಬಂದೊಡನೆ ನಿಲ್ಲುತ್ತಿದ್ದ ನಗು, ಎಲ್ಲ ಇದೇ. ಯಾರಿಗೂ ಗೊತ್ತಾಗದಿರಲಿ ಎಂದು ಅವನು ಸವೆಸಿದ ಆಯುಷ್ಯವೆಲ್ಲ ಎಲ್ಲರಿಗೂ ಗೊತ್ತಿದ್ದ ಸಂಗತಿಯ ಮೇಲೆ.

"ಗೊತ್ತಿದ್ದೂ ಇವನನ್ನ ಯಾಕೆ ಹಿಡ್ಕೊಂಡು ಬಂದೆ?" ಎಂದು ಕೊರ್ನೆಲ್ ಕೇಳಿದ.

"ನೀವು ಇಲ್ಲ ಅಂದ್ರಲ್ಲ ಸಾರ್. ನಾನು ನಿಮ್ಮನ್ನೇ ಕೇಳ್ದೆ, ಹೌದಪ್ಪ ಅಂದಿದ್ರೆ ಅಲ್ಲಿಗೆ ಮುಗೀತಿತ್ತು. ಇಷ್ಟು ಜನರ ಮುಂದೆ ಇಲ್ಲ ಅಂದ್ರಿ. ಅಂದ್ಮೇಲೆ ಇವನನ್ನ ಕರ್ಕೊಂಡು ಹೋಗು ಅಂತಾನೇ ನೀವು ಹೇಳ್ತಿದೀರಿ ಅಂದ್ಕೊಂಡೆ. ನಿಮಗೆ ಅವನ ಮೇಲೆ ಏನೋ ಅನುಮಾನ ಇರ್ಬೇಕು ಅಂತ." ವಿತೋಲ್ದ್ ಟವೆಲಿನ ಅಂಚನ್ನು ಮಡಚುತ್ತಿದ್ದ. "ನಮ್ಮೋರು ಬೆಳಿಗ್ಗೇನೇ ಮುಗಿಸೋಣ ಅಂದ್ರು. ಸಂಜೆ ತನಕ ನಾನೇ ತಡೆದಿಟ್ಟೆ. ಈಗ ಇವ್ರೆಲ್ಲರ ಮುಂದೆ ನೀವೇ ಹೇಳಿ. ನಾನು ಹೇಳಿದ್ರೆ ಮೇಷ್ಟ್ರ ಮೇಲಿನ ಮುಲಾಜಿಗೆ ಬಿಡ್ತಿದಾನೆ ಅಂತಾರೆ."

ಕೊರ್ನೆಲ್ ಸ್ಟೋವಿನ ಕಡೆ ತಿರುಗಿದ. ಹತ್ತು ಮುಖ. ಪರೀಕ್ಷೆಗೆ ನಿಂತವನ ಹಾಗೆ ಕೋಟಿನ ಗುಂಡಿ ಹಾಕಿಕೊಂಡ. "ನನ್ನ ಅಮ್ಮ ರುಸಿನ್," ಎಂದ. "ಅವಳು ಸತ್ತಳು. ಅವಳಿಗೋಸ್ಕರ ಟವೆಲು ಹಾಕಿದೆ. ನಿಮ್ಮ ಕಣ್ಣಿಗೆ ಬೀಳಬಾರದು ಅಂತ ಅಟ್ಟದಲ್ಲಿ ಹಾಕಿದೆ. ಪ್ರೊಕಿಪ್‌ಗೂ ಅದಕ್ಕೂ ಸಂಬಂಧ ಇಲ್ಲ." ಯಾರೂ ನಗಲಿಲ್ಲ. ಒಬ್ಬ ಬೇಸರದಿಂದ ಆಕಳಿಸಿದ. ಇನ್ನೊಬ್ಬ ಎದ್ದು ಪ್ರೊಕಿಪ್‌ನ ಕೈಯ ಹಗ್ಗ ಕೊಯ್ದ, ಬಕೆಟ್ಟಿನಿಂದ ಒಂದು ಮಗ್ಗು ನೀರು ಕೊಟ್ಟ. ಅಷ್ಟೇ. ಇಡೀ ಜೀವಮಾನ ಯಾವುದಕ್ಕೆ ಹೆದರಿದ್ದನೋ ಅದು ಒಂದು ಆಕಳಿಕೆಯಲ್ಲಿ ಮುಗಿದುಹೋಗಿತ್ತು. ವಿತೋಲ್ದ್ ಟವೆಲನ್ನು ಅವನ ಕೈಗಿಟ್ಟು, "ಎಡಗೆನ್ನೆ ಹಾಗೇ ಬಿಟ್ಟಿದೀರಿ ಸಾರ್," ಎಂದ, ಮೆತ್ತಗೆ.

ಕೊರ್ನೆಲ್, ಪ್ರೊಕಿಪ್ ಇಬ್ಬರೂ ಬೀದಿಗಿಳಿದು ಮನೆಯ ಕಡೆ ನಡೆದರು. ಬಕೆಟ್ಟಿನ ತಳದಲ್ಲಿ ಉಳಿದಿದ್ದ ಒಂದಿಷ್ಟು ನೀರು ಕುಲುಕುತ್ತಿತ್ತು. ಕ್ಷಮೆ ಕೇಳಬೇಕು. ಯಾವ ಭಾಷೆಯಲ್ಲಿ ಎಂಬಲ್ಲಿಗೇ ಅವನು ತೊಡರಿಕೊಂಡ. ಮನೆಯ ಮೂಲೆ ಕಾಣಿಸಿದಾಗ ಪ್ರೊಕಿಪ್ ನಿಂತುಬಿಟ್ಟ.

"ನಿಮ್ಮ ಮೋರೆ ನೋಡಿ ಸುಮ್ಮನಿದ್ದೆ ಅಂದ್ಕೋಬೇಡಿ ಮೇಷ್ಟ್ರೇ," ಎಂದ. "ಆ ಮುದುಕಮ್ಮ ನನ್ನ ಕೈಲಿ ಆಣೆ ಹಾಕಿಸ್ಕೊಂಡಿತ್ತು. ನನ್ನಿಂದ ನನ್ನ ಮಗನಿಗೆ ಈ ಜನರ ಮುಂದೆ ತಲೆತಗ್ಗೋ ಹಾಗೆ ಆಗ್ಬಾರ್ದು ಪ್ರೊಕಿಪಾ, ನೀನು ಬಾಯಿಬಿಡಬೇಡ ಅಂತ. ಟವೆಲು ಹಾಕಿದ ದಿನಾನೇ ನೋಡ್ದೆ ನಾನು. ಅಯ್ಯೋ ಪಾಪ, ಅಟ್ಟಕ್ಕೆ ಹತ್ತಿಸಿದಾನಲ್ಲ ತಾಯೀನ ಅಂದ್ಕೊಂಡೆ."

ಕೊರ್ನೆಲ್ ಬಕೆಟ್ಟನ್ನು ನೆಲಕ್ಕಿಟ್ಟ.

ಪ್ರೊಕಿಪ್ ಸೊಂಟದಿಂದ ಬೀದಿ ಬಾಗಿಲಿನ ದೊಡ್ಡ ಬೀಗದ ಕೈ ಬಿಡಿಸಿದ. "ತಗೊಳ್ಳಿ. ಸಂಜೆಗೆ ಬಾಗಿಲಿಗೆ ಬೀಗ ಹಾಕ್ಬೇಕು, ನೀರಿಗೆ ಹೋದೋರು ಬಂದ್ರೆ ತೆಗೆಯೋರು ಬೇಕಲ್ಲ. ನಾನು ಇನ್ನು ಈ ಮನೆಗೆ ಬರಲ್ಲ. ಕತ್ತಲಾಗೋದ್ರೊಳಗೆ ಆ ಕಡೆಗೆ ದಾಟಿಬಿಡ್ತೀನಿ." ಕೈ ಚಾಚಿ ಕೀಲಿ ಕೊಟ್ಟ. ದಿನಾ ಬಾಗಿಲು ತೆಗೆಸಿಕೊಂಡು ಪುಡಿಗಾಸು ಕೊಟ್ಟು ಅಭ್ಯಾಸವಾದ ಕೊರ್ನೆಲ್‌ನ ಇನ್ನೊಂದು ಕೈ ತಾನಾಗಿಯೇ ಜೇಬಿಗೆ ಹೋಯಿತು. ಪ್ರೊಕಿಪ್ ಆ ಕೈಯನ್ನು ನೋಡಿದ. ಕೊರ್ನೆಲ್‌ಗೆ ಅಲ್ಲೇ ನೆಲ ಬಾಯಿಬಿಡಬಾರದೇ ಎನಿಸಿತು.

"ನಿಮ್ಮ ತಂಗಿ ಮನೆ ನಂಗೊತ್ತು," ಎಂದ ಪ್ರೊಕಿಪ್. "ಅವರಿಗೆ ಹೇಳ್ಬೇಕು. ಏನಂತ ಹೇಳ್ಲಿ? ಯಾವ ಪಾದ್ರಿ ಮಣ್ಣು ಮಾಡಿದ ಅಂತ ಕೇಳ್ತಾರೆ. ಟವೆಲು ಹಾಕಿದೀರಾ ಅಂತಾನೂ ಕೇಳ್ತಾರೆ."

"ಪಾದ್ರಿ ವಿಷಯ ಇದ್ದದ್ದನ್ನೇ ಹೇಳು," ಎಂದ ಕೊರ್ನೆಲ್. "ಟವೆಲು ಹಾಕಿದೆ ಅಂತ ಹೇಳು. ನನ್ನ ಕಿಟಕೀಲಿ. ಬೀದಿಗೆ." ಆಡಿದಮೇಲೆ ತಿಳಿಯಿತು, ಆಡಿದ್ದು ಅಮ್ಮನ ಭಾಷೆಯಲ್ಲಿ. ಪ್ರೊಕಿಪ್ ತಲೆಯಾಡಿಸಿ, ಊದಿದ ಕಣ್ಣನ್ನು ತೋಳಿನಿಂದ ಒರೆಸಿಕೊಂಡು, ಹಿಂದೆ ನೋಡದೆ ಹೊರಟುಹೋದ.

ಕೊರ್ನೆಲ್ ಒಳಗೆ ಬಂದು ಬೀದಿ ಬಾಗಿಲಿಗೆ ಬೀಗ ಹಾಕಿದ. ಮೆಟ್ಟಿಲು ಹತ್ತಿ ಬೀದಿಯ ಕಿಟಕಿ ತೆರೆದ. ತಣ್ಣನೆಯ ಗಾಳಿ ಒಳಗೆ ನುಗ್ಗಿತು. ಟವೆಲು ಹಾರಿಹೋಗದಂತೆ ಅದರ ಒಂದು ತುದಿಯ ಮೇಲೆ ದಪ್ಪನೆಯ ಲ್ಯಾಟಿನ್ ನಿಘಂಟು ಇಟ್ಟು, ಕಸೂತಿಯ ತುದಿಯನ್ನು ಹೊರಗೆ ಇಳಿಬಿಟ್ಟ. ಎದುರು ಮನೆಯ ಪರದೆಯೊಂದು ಸರಿಯಿತು. ಆದರೂ ತೆಗೆಯಲಿಲ್ಲ. ಬೆಳಕು ಇಳಿಯುತ್ತಿತ್ತು, ಕದನ ಯಾವ ಗಳಿಗೆಯಲ್ಲಾದರೂ ಶುರುವಾಗಬಹುದಿತ್ತು. ಬಾಗಿಲು ಬಡಿಯದೆಯೇ ಬ್ರೋನಿಸ್ಲಾವಾ ಒಳಗೆ ಬಂದಳು. ಬೀದಿಯಿಂದ ಯಾರೋ ಹೇಳಿರಬೇಕು.

"ತೆಗೀರಿ ಮೇಷ್ಟ್ರೇ ಅದನ್ನ. ಮನೆಗೆ ಗುಂಡು ಬೀಳತ್ತೆ. ಈ ಕಡೆಯೋರೂ ಹೊಡೀತಾರೆ, ಆ ಕಡೆಯೋರೂ ಹೊಡೀತಾರೆ."

"ಇದು ನನ್ನ ಅಮ್ಮಂದು," ಎಂದ, ಮತ್ತೆ ಅಮ್ಮನ ಮಾತಿನಲ್ಲೇ, ಆ ಮನೆಯಲ್ಲಿ ಮೊದಲ ಸಲ ಗಟ್ಟಿಯಾಗಿ. "ತೆಗೆಯಲ್ಲ."

ಆಕೆ ತನ್ನ ಹಿಂದಿನ ಬಾಗಿಲನ್ನು ಮುಚ್ಚಿದಳು. ಕಿಟಕಿಯ ಹತ್ತಿರ ಬಂದು, ಟವೆಲಿನ ಸಡಿಲವಾದ ಕೆಂಪು ಎಳೆಯನ್ನು ಬೆರಳಿಗೆ ಸುತ್ತಿಕೊಂಡು ನಿಂತಳು. ನಲವತ್ತು ದಿನದ ಲೆಕ್ಕ ಈಕೆಗೆ ಹೇಗೆ ಗೊತ್ತಿತ್ತು ಎಂದು ಬೆಳಗಿನಿಂದ ತಾನು ಯೋಚಿಸಲೇ ಇಲ್ಲವಲ್ಲ ಎಂದು ಕೊರ್ನೆಲ್‌ಗೆ ಆಗ ಹೊಳೆಯಿತು.

"ನೀರೆಲ್ಲೋ?" ಎಂದಳು ಬ್ರೋನಿಸ್ಲಾವಾ. ಅಮ್ಮನ ಮಾತಿನಲ್ಲಿ. ಅಮ್ಮನ ಹಳ್ಳಿಯ ಕಡೆಯವರು ಎಳೆಯುವ ಹಾಗೆಯೇ ಎಳೆದು. "ನೀರಿಡದೆ ಬರೀ ಟವೆಲು ಹಾಕಿದ್ರೆ ಅವಳು ಮುಖ ತೊಳಿಯೋದು ಎಲ್ಲಿ?"

"ಇಟ್ಟಿದ್ದೆ," ಎಂದ ಕೊರ್ನೆಲ್. "ಕುಡಿದುಬಿಟ್ಟೆ." ಹೇಳಿದವನೇ ಮಗುವಿನ ಹಾಗೆ ಅತ್ತುಬಿಟ್ಟ. ಆಕೆ ಸಮಾಧಾನ ಮಾಡಲಿಲ್ಲ. ಅಡುಗೆಮನೆಗೆ ಹೋಗಿ ಆ ಖಾಲಿ ಲೋಟ ತಂದು, ಶಾಲಿನ ಸೆರಗಿನಲ್ಲಿ ಒರೆಸಿ, ಬಕೆಟ್ಟನ್ನು ಎರಡೂ ಕೈಯಿಂದ ಎತ್ತಿ, ತಳದಲ್ಲಿದ್ದ ನೀರನ್ನು ಒಂದು ಹನಿಯೂ ಚೆಲ್ಲದಂತೆ ಬಗ್ಗಿಸಿದಳು. ಲೋಟ ಅರ್ಧಕ್ಕಿಂತ ಕಡಿಮೆ ತುಂಬಿತು. ಅದನ್ನು ನಿಘಂಟಿನ ಪಕ್ಕದಲ್ಲಿಟ್ಟಳು.

"ಬೆಳಿಗ್ಗೆ ನಿಮಗೆ ಗೊತ್ತಿತ್ತು," ಎಂದ ಅವನು, ಮೂಗು ಒರೆಸಿಕೊಂಡು.

"ಗೊತ್ತಿತ್ತು. ಅಟ್ಟದಲ್ಲಿ ಅದನ್ನ ನೋಡಿ ಜೀವ ಹೋದ ಹಾಗಾಯ್ತು. ಯಾರೋ ನನ್ನ ಗುಟ್ಟೇ ಬೀದಿಗೆ ಹಾಕಿದಾರೆ ಅನ್ನಿಸ್ತು." ಆಕೆ ಅವನ ಕಡೆ ನೋಡಲಿಲ್ಲ. "ನನ್ನಮ್ಮ ಸತ್ತಾಗ ನಾನು ಎಲ್ಲೂ ಹಾಕ್ಲಿಲ್ಲ. ನೀನು ಅಟ್ಟದಲ್ಲಾದ್ರೂ ಹಾಕ್ದೆ."

ಕೋಟೆಗುಡ್ಡದ ಕಡೆಯಿಂದ ಮೊದಲ ಗುಂಡು ಹಾರಿತು. ಲೋಟದ ನೀರು ಅಲುಗಿತು. ಕೆಳಗೆ ಬೀದಿಯ ಬಾಗಿಲನ್ನು ಜನ ದಬದಬ ಬಡಿಯತೊಡಗಿದರು. ನೀರಿಗೆ ಹೋಗಿದ್ದ ಬಾಡಿಗೆದಾರರು ತಿರುಗಿ ಬಂದಿದ್ದರು. ಬಕೆಟ್ಟುಗಳನ್ನು ಎದೆಗವಚಿಕೊಂಡು, ತಲೆಯೆತ್ತಿ ಟವೆಲನ್ನು ನೋಡುತ್ತ, "ಪ್ರೊಕಿಪ್, ಬೇಗ ತೆಗೆಯೋ, ಬಾಗಿಲು ತೆಗೆಯೋ!" ಎಂದು ಹಳೆಯ ಅಭ್ಯಾಸದಿಂದಲೇ ಕೂಗುತ್ತಿದ್ದರು. ಬೀಗದ ಕೈ ಕೊರ್ನೆಲ್‌ನ ಜೇಬಿನಲ್ಲಿ ಭಾರವಾಗಿತ್ತು. ಅರ್ಧ ಬೋಳಿಸಿದ ಮುಖವನ್ನು ಮುಚ್ಚಿಕೊಳ್ಳದೆ ಅವನು ಮೆಟ್ಟಿಲಿಳಿದ. ಇನ್ನು ಬಾಗಿಲು ತೆಗೆಯುವವನು ಅವನೇ.